ಸಂಘದ ಕೈಪಿಡಿಯಲ್ಲಿ ಅಣ್ಣ ತಂಗಿಯಾದವರು

೨೦೧೫ ನವೆಂಬರ್ ೮, ಭಾನುವಾರ, ಬೆಳಿಗ್ಗೆ ೯.೪೦. ಥಾಣೆಯ ಘೋಡಬಂದರ್ ರಸ್ತೆಯ ನಮ್ಮ ಮನೆಯಲ್ಲಿ ಬರೆಯಲು ಕೂತಿದ್ದೇನೆ. ಪಕ್ಕದಲ್ಲಿ ೨೦೦೯ರ ಡೈರಿ ಇದೆ. ಆಗ ನನಗೆ ಹತ್ತೊಂಬತ್ತು ವರ್ಷ. ಕಾಲೇಜಿನ ಬಸ್ಸು ಎಷ್ಟು ನಿಮಿಷ ತಡವಾಯಿತು, ಮನೆಯಲ್ಲಿ ವಾರಕ್ಕೆ ಎಷ್ಟು ಸಲ ನೀರುದೋಸೆ ಆಯಿತು ಎಂದು ಬರೆದಿಡುವ ಅಭ್ಯಾಸವಿತ್ತು. ಅಕ್ಕನ ಮದುವೆಗೆ ಬಂದ ಆಕ್ಷೇಪಗಳನ್ನೂ ಅದರಲ್ಲೇ ಬರೆದಿದ್ದೆ.

ಜೂನ್ ೧೪, ಭಾನುವಾರ. ಮಧ್ಯಾಹ್ನದ ಊಟದ ಹೊತ್ತಿಗೆ ಅಕ್ಕ, ತಾನು ಒಬ್ಬರನ್ನು ಮದುವೆಯಾಗಬೇಕೆಂದಿದ್ದೇನೆ ಎಂದಳು. ಹುಡುಗ ಡೊಂಬಿವಲಿಯವನು, ಒಂದು ಮರಾಠಿ ಶಾಲೆಯಲ್ಲಿ ಮೇಷ್ಟ್ರು. ಶಾಲೆಯ ಕೆಲಸಕ್ಕೆಂದು ಅಕ್ಕನ ಬ್ಯಾಂಕಿಗೆ ಬರುತ್ತಿದ್ದ.

ಅಪ್ಪ ಕೇಳಿದ ಮೊದಲ ಪ್ರಶ್ನೆ, "ನಮ್ಮವನಾ?"

"ಹೌದು, ನಮ್ಮ ಸಮಾಜದವರೇ."

ಅಪ್ಪನ ಮುಖ ಬಾಡಿತು. ಬೇರೆ ಸಮಾಜದವನಾಗಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಈಗ ಕಾರಣ ಹುಡುಕುವ ಕೆಲಸ ತಲೆಗೆ ಬಿತ್ತು. ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತು, ಕೊನೆಗೆ ಅದೇ ಹೋಟೆಲಿನ ಪಾಲುದಾರರಾದವರು ಅವರು. ತಮ್ಮ ಅಳಿಯ ಸ್ವಂತ ಹೋಟೆಲ್ ಇದ್ದವನೇ ಆಗಿರುತ್ತಾನೆ ಎಂದು ಗೆಳೆಯರಿಗೆಲ್ಲ ಹೇಳಿ ಆಗಿತ್ತು.

ಆಗಸ್ಟ್ ೪ರ ತನಕ ಬಂದ ಆಕ್ಷೇಪಗಳು ಒಟ್ಟು ಇಪ್ಪತ್ತಮೂರು. ಅಪ್ಪನವು ಹನ್ನೊಂದು. ಘಣಸೋಲಿಯಲ್ಲಿ ಹೋಟೆಲ್ ನಡೆಸುವ ಸೋದರಮಾವನವು ಏಳು. ಅಮ್ಮನವು ಐದು, ಐದೂ ಡೊಂಬಿವಲಿಯ ಬಗ್ಗೆಯೇ. ಲೋಕಲ್ ರೈಲಿನ ನೂಕುನುಗ್ಗಲು, ನೀರು, ಲಿಫ್ಟಿಲ್ಲದ ಕಟ್ಟಡ, ಹೀಗೆ. ಹುಡುಗನ ಬಗ್ಗೆ ಅಮ್ಮ ಏನೂ ಹೇಳಲಿಲ್ಲ. ಜೂನ್ ೨೧ರಂದು ಅಪ್ಪ, "ಮೇಷ್ಟ್ರುಗಳಿಗೆ ಮಾತು ಜಾಸ್ತಿ" ಎಂದರು. ೨೮ರಂದು, "ಅವನಿಗೆ ಬಾಯೇ ಇಲ್ಲವಂತೆ" ಎಂದರು. ಅಷ್ಟರೊಳಗೆ ಅವರು ಹುಡುಗನನ್ನು ನೋಡಿಯೇ ಇರಲಿಲ್ಲ.

ನೋಡಿದ್ದು ಜುಲೈ ೧೨ರಂದು. ಹುಡುಗ ಬಂದ, ಎಲ್ಲರ ಕಾಲಿಗೂ ನಮಸ್ಕರಿಸಿದ. ಅಮ್ಮ ಚಹಾ ತಂದಾಗ, "ಕ್ಷಮಿಸಿ, ನಾನು ಚಹಾ ಕುಡಿಯುವುದಿಲ್ಲ" ಎಂದ. ಹೋಟೆಲಿನವರ ಮನೆಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಅವನು ಹೋದ ಮೇಲೆ ಅಪ್ಪ ಎದ್ದು ನಿಂತರು.

"ಚಹಾ ಕುಡಿಯದವನನ್ನು ಅಳಿಯ ಅಂತ ಯಾವ ಮುಖ ಇಟ್ಟುಕೊಂಡು ತೋರಿಸುವುದು? ಗಿರಾಕಿಗಳು ಎಂತ ಹೇಳಿಯಾರು?"

ಪಕ್ಕದಲ್ಲಿದ್ದ ಮಾವ ತಲೆದೂಗಿದರು. "ಅದು ಎಂತ ಕೆಲಸ ಭಾವ, ಮರಾಠಿಯವರ ಮಕ್ಕಳಿಗೆ ಮರಾಠಿ ಕಲಿಸುವುದು? ಅವರಿಗೆ ಅದು ಮನೆಯಲ್ಲೇ ಬರ್ತದಲ್ಲ!"

ಅಕ್ಕ ಸುಮ್ಮನಿರಲಿಲ್ಲ. "ಮಾವ, ನೀವೂ ಅವರಿಗೇ ಊಟ ಹಾಕುವುದಲ್ವಾ? ಅದೂ ಅವರಿಗೆ ಮನೆಯಲ್ಲೇ ಸಿಗ್ತದೆ."

ಡೈರಿಯಲ್ಲಿ ಹೀಗಿದೆ: ಆಕ್ಷೇಪ ೧೭, ಅದೇ ದಿನ ರದ್ದು.

ಆಗಸ್ಟ್ ೫, ಬುಧವಾರ. ಅಪ್ಪ ಸಂಘದ ಕೈಪಿಡಿ ಹಿಡಿದುಕೊಂಡು ಬಂದರು. ಮುಂಬಯಿ ಸುತ್ತಲಿನ ನಮ್ಮ ಸಮಾಜದ ಮನೆಗಳ ವಿಳಾಸ, ಊರು, ಬರಿ ಎಲ್ಲ ಇರುವ ದಪ್ಪ ಪುಸ್ತಕ. ಬರಿ ಎಂದರೆ ನಮ್ಮಲ್ಲಿ ಕುಲದ ಹಾಗೆ. ಒಂದೇ ಬರಿಯವರು ಅಣ್ಣ ತಂಗಿಯಂದಿರು. ಅವರೊಳಗೆ ಮದುವೆ ಇಲ್ಲ. ಅಪ್ಪ ಹುಡುಗನ ಮನೆಯ ಪುಟದ ಮೇಲೆ ಒಂದು ಬೆರಳಿಟ್ಟರು, ನಮ್ಮ ಮನೆಯ ಪುಟದ ಮೇಲೆ ಇನ್ನೊಂದು. ಎರಡೂ ಕಡೆ ಒಂದೇ ಬರಿ.

ಅಪ್ಪ ತುಂಬ ದುಃಖಪಟ್ಟರು. ಅಷ್ಟು ಉತ್ಸಾಹದ ದುಃಖವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಹುಡುಗ ಚಿನ್ನದಂಥವನು, ಆದರೆ ಎಂತ ಮಾಡುವುದು, ಬರಿ!" ಎಂದು ಆ ಸಂಜೆಯೇ ಆರು ಮಂದಿಗೆ ಫೋನ್ ಮಾಡಿದರು. ಏಳನೆಯದು ಮಾವನಿಗೆ. ಸಂಘದ ಸಭೆಗಳಲ್ಲಿ ನಮ್ಮ ಕಟ್ಟುಕಟ್ಟಳೆಯ ಬಗ್ಗೆ ಭಾಷಣ ಮಾಡುವ ಮಾವ, "ದೇವರೇ ಕಾಪಾಡಿದ" ಎಂದರಂತೆ. ಅಮ್ಮ ಒಳಗೆ ತೆಂಗಿನಕಾಯಿ ತುರಿಯುತ್ತಿದ್ದರು. ಹೊರಗೆ ಬರಲಿಲ್ಲ.

ಇಪ್ಪತ್ತಮೂರು ಆಕ್ಷೇಪಗಳನ್ನು ನಗುತ್ತ ಎದುರಿಸಿದ್ದ ಅಕ್ಕ ಇಪ್ಪತ್ತನಾಲ್ಕನೆಯದಕ್ಕೆ ಸೋತಳು. ಅವಳು ಬರಿಯನ್ನು ನಂಬುವವಳೇ. ಹುಡುಗನ ಮನೆಯವರೂ ಅದೇ ಕೈಪಿಡಿ ತೆರೆದು ನೋಡಿ ಸುಮ್ಮನಾದರು. ಹನ್ನೊಂದು ದಿನ ಅಕ್ಕ ಅವನಿಗೆ ಫೋನ್ ಮಾಡಲಿಲ್ಲ. ಬೇರೆ ಊರಿಗೆ ವರ್ಗ ಕೇಳಿ ಅರ್ಜಿ ಬರೆದು, ಸೋಮವಾರ ಕೊಡುವುದೆಂದು ಪರ್ಸಿನಲ್ಲಿ ಇಟ್ಟುಕೊಂಡಳು.

ಆಗಸ್ಟ್ ೧೫ರ ರಜೆಯಂದು ನಾನು ಕೈಪಿಡಿಯನ್ನು ಮೊದಲ ಪುಟದಿಂದ ಓದಲು ಕೂತೆ. ಎಷ್ಟು ಬರಿಗಳಿವೆ, ಯಾವುದರಲ್ಲಿ ಎಷ್ಟು ಮನೆ ಎಂದು ಎಣಿಸುವುದಷ್ಟೇ ನನ್ನ ಉದ್ದೇಶ. ಪ್ರತಿ ಮನೆಗೂ ಬರಿಗೆಂದು ಒಂದೇ ಸಾಲು. ಅದರ ಕೆಳಗೆ ಗಂಡ, ಹೆಂಡತಿ, ಮಕ್ಕಳು. ನಲವತ್ತನೆಯ ಪುಟಕ್ಕೆ ಬರುವಾಗ ನನ್ನ ಪೆನ್ಸಿಲ್ ನಿಂತಿತು. ಈ ಪುಸ್ತಕದ ಪ್ರಕಾರ ಪ್ರತಿ ಮನೆಯಲ್ಲೂ ಗಂಡ ಹೆಂಡತಿ ಅಣ್ಣ ತಂಗಿಯರೇ.

ಮರುದಿನ ಭಾನುವಾರ ಮಾವ ಊಟಕ್ಕೆ ಬಂದಿದ್ದರು. ಸಾರು ಬಡಿಸುವ ಹೊತ್ತಿಗೆ ನಾನು ಕೇಳಿದೆ.

"ಮಾವ, ನಿಮ್ಮ ಬರಿ ಯಾರಿಂದ ಬಂದದ್ದು?"

"ಅಮ್ಮನಿಂದ. ನಮ್ಮಲ್ಲಿ ಅಪ್ಪನ ಬರಿ ಮಕ್ಕಳಿಗೆ ಬರುವುದಿಲ್ಲ ಮಗಾ, ಅಮ್ಮನದೇ ಬರುವುದು. ಅಷ್ಟೂ ಗೊತ್ತಿಲ್ವಾ?"

"ಹಾಗಾದರೆ ನೀವೂ ಅಮ್ಮನೂ ಒಂದೇ ಬರಿ?"

"ಒಂದೇ ಹೊಟ್ಟೆಯವರು, ಮತ್ತೆ?"

"ಇದರಲ್ಲಿ ಬೇರೆ ಬೇರೆ ಉಂಟಲ್ಲ. ಅಮ್ಮನದೂ ಅಪ್ಪನದೂ ಒಂದೇ ಉಂಟು."

ಮಾವ ಕೈಪಿಡಿಯನ್ನು ಎಡಗೈಯಲ್ಲಿ ಎಳೆದುಕೊಂಡರು. ಮೊದಲು ನಮ್ಮ ಮನೆ ನೋಡಿದರು, ಆಮೇಲೆ ತಮ್ಮ ಮನೆ. ಅಲ್ಲಿ ಅತ್ತೆಯೂ ಅವರ ತಂಗಿಯಾಗಿದ್ದರು.

"ಫಾರಂ ತುಂಬಿಸಿದ್ದು ಯಾರು ಭಾವ?"

"ನಾನೇ," ಎಂದರು ಅಪ್ಪ. "ಮನೆಯ ಬರಿ ಅಂತ ಕೇಳಿದ್ದರು. ಮನೆ ನನ್ನದಲ್ವಾ?"

ಅಕ್ಕ ತಟ್ಟೆಯಿಂದ ತಲೆ ಎತ್ತಿದಳು. "ಅಂದರೆ ನನ್ನ ಬರಿ ಅಮ್ಮನದು. ಪುಸ್ತಕದಲ್ಲಿರುವುದಲ್ಲ."

ಅಕ್ಕ ನಿಧಾನಕ್ಕೆ ಅಮ್ಮನ ಕಡೆ ತಿರುಗಿದಳು.

"ಅಮ್ಮ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹನ್ನೊಂದು ದಿನ ಆಯ್ತು ಅಮ್ಮ."

ಅಮ್ಮ ಸೌಟನ್ನು ಪಾತ್ರೆಯಲ್ಲಿಟ್ಟರು. "ಮದುವೆಯಾಗಿ ಬಂದದ್ದು ಡೊಂಬಿವಲಿಗೆ. ಒಂದೇ ಕೋಣೆ. ಅಲ್ಲಿಂದ ಥಾಣೆಗೆ ಬರಲಿಕ್ಕೆ ನನಗೆ ಹದಿನಾರು ವರ್ಷ ಹಿಡಿಯಿತು. ನೀನು ವಾಪಸ್ ಹೋಗ್ತೇನೆ ಅಂತೀಯಲ್ಲ ಮಾರಾಯ್ತಿ!"

ಅಮ್ಮನ ಐದು ಆಕ್ಷೇಪಗಳು ನಿಜವಾಗಿ ಒಂದೇ ಎಂದು ಆಗ ತಿಳಿಯಿತು. ಅಕ್ಕ ಕೈ ತೊಳೆದು ಬಂದು, ಪರ್ಸಿನಿಂದ ಅರ್ಜಿ ತೆಗೆದು ಅಮ್ಮನ ಮುಂದಿಟ್ಟಳು. ಅಮ್ಮ ಅದನ್ನು ಪೂರ್ತಿ ಓದಿದರು.

ಇನ್ನು ಉಳಿದದ್ದು ಹುಡುಗನ ನಿಜವಾದ ಬರಿ, ಅಂದರೆ ಅವನ ತಾಯಿಯದು. ಅದು ಕೈಪಿಡಿಯಲ್ಲಿ ಎಲ್ಲೂ ಇಲ್ಲ. ಒಂದು ವೇಳೆ ಅದೂ ನಮ್ಮದೇ ಆದರೆ? ಮಾವ ತಾವೇ ಕೇಳುತ್ತೇನೆಂದು ಫೋನಿಗೆ ಕೈ ಚಾಚಿದರು. ಅಮ್ಮ, "ಬೇಡ ಅಣ್ಣ, ಹೆಂಗಸರ ಬರಿ ಹೆಂಗಸರು ಕೇಳ್ತೇವೆ" ಎಂದು ಫೋನನ್ನು ಅಡುಗೆಮನೆಗೆ ಒಯ್ದು ಬಾಗಿಲು ಹಾಕಿಕೊಂಡರು. ಡೈರಿಯ ಪ್ರಕಾರ ಒಂಬತ್ತು ನಿಮಿಷ. ಹೊರಗೆ ಬಂದು, "ಬೇರೆ ಬರಿ," ಎಂದರು. ಅಕ್ಕ ಅರ್ಜಿಯನ್ನು ನಾಲ್ಕು ತುಂಡು ಮಾಡಿದಳು.

ಮದುವೆ ಮುಂದಿನ ಫೆಬ್ರವರಿಯಲ್ಲಿ, ಸಾನಪಾಡಾದ ಒಂದು ಸಭಾಂಗಣದಲ್ಲಿ ಆಯಿತು. ಮಾವ ಬರಿಯ ಮಹತ್ವದ ಬಗ್ಗೆ ನಾಲ್ಕು ಮಾತಾಡಿದರು. ಅಪ್ಪ ಗೆಳೆಯರಿಗೆಲ್ಲ, "ಅಳಿಯ ಪ್ರೊಫೆಸರ್" ಎಂದು ಪರಿಚಯಿಸಿದರು.

ಈ ವರ್ಷ ಸಂಘ ಹೊಸ ಕೈಪಿಡಿ ತರುತ್ತಿದೆ. ನನ್ನ ಕಾಟ ತಾಳಲಾರದೆ ಫಾರಮಿನಲ್ಲಿ ಬರಿಗೆ ಎರಡು ಸಾಲು ಮಾಡಿದ್ದಾರೆ, ಗಂಡನಿಗೊಂದು, ಹೆಂಡತಿಗೊಂದು. ನಿನ್ನೆ ಡೊಂಬಿವಲಿಗೆ ಹೋಗಿ ಭಾವನ ತಾಯಿಯ ಕೈಗೆ ಫಾರಂ ಕೊಟ್ಟೆ. ಅವರು ಎರಡನೆಯ ಸಾಲನ್ನು ಖಾಲಿ ಬಿಟ್ಟು ವಾಪಸ್ ಕೊಟ್ಟರು.

"ನನ್ನ ಬರಿ ನನಗೆ ಗೊತ್ತಿಲ್ಲ ಮಗಾ. ನನಗೆ ನಾಲ್ಕು ವರ್ಷ ಇರುವಾಗಲೇ ಅಮ್ಮ ಹೋದರು. ಕೇಳುವ ಬುದ್ಧಿ ಬರುವಷ್ಟರಲ್ಲಿ ಅಪ್ಪನೂ ಇರಲಿಲ್ಲ. ಅವತ್ತು ಫೋನಿನಲ್ಲಿ ನಿನ್ನ ಅಮ್ಮನಿಗೂ ಇದನ್ನೇ ಹೇಳಿದ್ದು."

"ಅಮ್ಮ ಎಂತ ಹೇಳಿದರು?"

"'ಹಾಗಾದರೆ ಬೇರೆಯೇ ಇರ್ತದೆ ಬಿಡಿ, ದಿನ ನೋಡುವ' ಅಂದರು."

ರಾತ್ರಿ ಮನೆಗೆ ಬಂದು ಅಮ್ಮನನ್ನು ಏನೂ ಕೇಳಲಿಲ್ಲ. ಆದರೆ ಖಾಲಿ ಸಾಲನ್ನು ಹಾಗೇ ಬಿಡುವುದು ನನ್ನಿಂದಾಗದ ಕೆಲಸ. ಕಲ್ಯಾಣ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಹಿಂದೆ ಅಡುಗೆಗಿದ್ದ ಕರಾವಳಿಯ ಒಬ್ಬರ ಹೆಂಡತಿ, ಭಾವನ ತಾಯಿಯ ಅಮ್ಮ. ನಾಲ್ಕು ವರ್ಷದ ಒಬ್ಬಳೇ ಮಗಳನ್ನು ಬಿಟ್ಟು ತೀರಿಕೊಂಡವರು. ಅವರ ತವರನ್ನು, ಅವರ ಬರಿಯನ್ನು ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಕಾರ್ಡು ಬರೆಯಿರಿ. ನಮ್ಮದೇ ಬರಿ ಎಂದಾದರೂ ಪರವಾಗಿಲ್ಲ, ಅಕ್ಕನಿಗೆ ಈಗ ಎರಡು ಮಕ್ಕಳು. ಕಾರ್ಡನ್ನು ಮಾತ್ರ ನನ್ನ ಹೆಸರಿಗೇ ಕಳಿಸಿ, ಮಾವನಿಗೆ ಬೇಡ.