ಆಚಾರ್ರ ಮನೆಯ ಬಿಳಿ ಪರದೆ

ಆದೋನಿಯ ಜನ ಹತ್ತಿ ಮಿಲ್ಲಿನ ಕೂಗಿಗೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಕಾಲ ಅದು. ಬಜಾರಿನಲ್ಲಿ ನಿಂತರೆ ಹತ್ತಿಯ ಎಳೆ ಹಾರಿ ಬಂದು ಮೀಸೆಗೆ ಅಂಟುತ್ತಿತ್ತು. ಮೀಸೆಗೆ ಅಂಟಿದ್ದು ರೇಡಿಯೋದೊಳಗೆ ಹೋಗದೆ ಇದ್ದೀತೇ? ಹಾಗೆ ಹತ್ತಿ ತಿಂದು ಗಂಟಲು ಕಟ್ಟಿದ ರೇಡಿಯೋಗಳೆಲ್ಲ ಉರುಕುಂದಪ್ಪನ ಅಂಗಡಿಗೆ ಬರುತ್ತಿದ್ದವು. ಅಂಗಡಿ ಅನ್ನುವುದು ದೊಡ್ಡ ಮಾತು. ಎರಡು ಹಲಗೆ ಬಾಗಿಲು, ಒಂದು ಮೇಜು, ಮೂಲೆಯಲ್ಲಿ ಯಾರೋ ಬಿಟ್ಟು ಹೋದ ಮಂಕು ಟಿವಿ. ಮಧ್ಯಾಹ್ನವೂ ಒಳಗೆ ಕತ್ತಲೆಯೇ. ಆದರೂ ಆಲೂರಿನಿಂದ ಮಾಧವರಂವರೆಗೆ ಮನೆಮನೆಯ ರೇಡಿಯೋಕ್ಕೆ ಅವನೇ ಡಾಕ್ಟರು.

ಅವನು ಕುರಿ ಕಾಯುವವರ ಮಗ. ಏಳನೇ ಕ್ಲಾಸಿನವರೆಗೆ ತೆಲುಗಿನಲ್ಲಿ ಓದಿ, ಕುರಿ ತಮ್ಮಂದಿರಿಗೆ ಬಿಟ್ಟು ಆದೋನಿಗೆ ಬಂದು, ಕೈ ಸುಟ್ಟುಕೊಂಡೇ ಈ ಕೆಲಸ ಕಲಿತಿದ್ದ. ಸೆಟ್ಟು ಬಿಚ್ಚಿ ಕೈಯೆತ್ತಿದ ಅನ್ನುವ ಮಾತು ಅವನ ಮೇಲೆ ಇರಲಿಲ್ಲ. ಆ ಹೆಮ್ಮೆ ಅವನಿಗೆ ಕೊಂಚ ಹೆಚ್ಚೇ ಇತ್ತು.

ಎಂಬತ್ತೇಳನೇ ಇಸವಿಯ ಮಾಘ ಮಾಸದಲ್ಲಿ ಸೇತುಮಾಧವಾಚಾರ್ರು ಹಳೇ ಧೋತರದಲ್ಲಿ ಏನನ್ನೋ ಕೂಸಿನಂತೆ ಸುತ್ತಿಕೊಂಡು ಬಂದರು. ಆದೋನಿಯಲ್ಲೇ ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದು, ರಿಟೈರಾದ ಮೇಲೆ ಮಂತ್ರಾಲಯದಲ್ಲಿ ಮನೆ ಮಾಡಿದವರು.

“ಇದು ಕಂಪ್ಯೂಟರ್ ಅಂತ. ನೋಡೀಯೇನಪಾ?”

“ಪೇಪರ್‌ನಾಗ ಫೋಟೋ ನೋಡೀನ್ರಿ. ಬೀರುವಿನಷ್ಟು ಇರ್ತೈತಿ ಅಂದಿದ್ರಲ್ರಿ?”

“ಇದು ಮನಿಯಾಗ ಇಟ್ಟುಕೊಳ್ಳೋದು. ಟಿವಿಗೆ ಹಚ್ಚಬೇಕು. ಈಗ ಹದಿನೈದು ದಿನ ಆತು, ಚಾಲೂನ ಆಗವಲ್ದು. ಟಿವಿ ಬರೇ ಬೆಳ್ಳಗ ಆಗ್ತದ, ಒಂದು ಅಕ್ಷರ ಏಳವಲ್ದು.”

ಬೊಂಬಾಯಿಯ ಹಡಗಿನ ಕಂಪನಿಯಲ್ಲಿದ್ದ ಸೋದರಳಿಯ ವಾಸುದೇವ ತಂದುಕೊಟ್ಟದ್ದಂತೆ. ಆಚಾರ್ರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಆ ವರ್ಷದ ಏಕಾದಶಿಗಳ ಪಟ್ಟಿ ಬರೆದು ನಲವತ್ತೆರಡು ಮನೆಗಳಿಗೆ ಕಳಿಸಬೇಕು. ಆ ಮನೆಗಳವರು ಅದನ್ನು ನೋಡಿಯೇ ಉಪವಾಸ ಮಾಡುವವರು. ಹಿಂದಿನ ತಿಥಿ ದಶಮಿ ಐವತ್ತಾರು ಘಳಿಗೆ ದಾಟಿತೋ, ಉಪವಾಸ ಮರುದಿನಕ್ಕೆ ಸರಿಯುತ್ತದೆ. ದಾಟಲಿಲ್ಲವೋ, ಏಕಾದಶಿಯ ದಿನವೇ. ಒಂದು ಅಂಕಿ ತಪ್ಪಿದರೆ ನಲವತ್ತೆರಡು ಮನೆ ಹರಿದಿನದಲ್ಲಿ ಉಂಡು ಕೂತಂತೆ. ಅರವತ್ತಾರನೇ ವಯಸ್ಸಿನಲ್ಲಿ ಆಚಾರ್ರು ಆ ಗಣಿತವನ್ನೆಲ್ಲ ಮಿಷಿನ್ನಿಗೆ ಕಲಿಸಿ ಕ್ಯಾಸೆಟ್ಟಿನಲ್ಲಿ ತುಂಬಿಟ್ಟಿದ್ದರು. ಹಳೇ ಕೋಷ್ಟಕ ನೋಡಿ ಕೈಯಲ್ಲಿ ಲೆಕ್ಕ ಹಾಕುವುದು ಈಗೀಗ ಆಗುತ್ತಿಲ್ಲ, ಅಕ್ಷರ ಸಣ್ಣ ಅಂದರು. ಯುಗಾದಿಗೆ ಇನ್ನು ಎರಡು ತಿಂಗಳೂ ಇರಲಿಲ್ಲ.

ಉರುಕುಂದಪ್ಪ ಮಿಷಿನ್ನು ಬಿಚ್ಚಿದ. ಒಳಗೆ ಇರುವೆಗಿಂತ ಸಣ್ಣ ಕಾಲಿನ ಕರೀ ಹುಳುಗಳಂಥ ಚಿಪ್‌ಗಳು. ಏನೂ ತಿಳಿಯದಿದ್ದರೂ ಧೂಳು ಹೊಡೆದು, ಕೀಲು ಕೀಲಿಗೆ ಸ್ಪಿರಿಟ್ ಒರೆಸಿ, ವೈರು ಬಿಗಿ ಮಾಡಿ ತನ್ನ ಮಂಕು ಟಿವಿಗೆ ಹಚ್ಚಿದ. ಪರದೆಯ ಕೆಳಗೆ ಒಂದು ಸಾಲು ಅಕ್ಷರ ಎದ್ದಿತು!

“ಬಂತು, ಬಂತು!” ಆಚಾರ್ರು ಟಿವಿಗೆ ಮೂಗು ತಾಗಿಸಿ ನೋಡಿ ಕೂಸಿನಂತೆ ನಕ್ಕರು. ಅವತ್ತು ಉರುಕುಂದಪ್ಪ ಬಜಾರಿನಲ್ಲಿ ಎದೆ ಉಬ್ಬಿಸಿ ನಡೆದ.

ಐದನೇ ದಿನಕ್ಕೆ ಧೋತರದ ಗಂಟು ಮತ್ತೆ ಬಂತು. ಮನೆಯಲ್ಲಿ ಮತ್ತದೇ ಬಿಳಿ. ಅಂಗಡಿಯಲ್ಲಿ ಹಚ್ಚಿದರೆ ಅಕ್ಷರ ಹಾಜರು! ಉರುಕುಂದಪ್ಪ ತಪ್ಪನ್ನು ಕರೆಂಟಿನ ಮೇಲೆ ಹಾಕಿ ಒಂದು ಸ್ಟೆಬಿಲೈಜರ್ ಕೊಟ್ಟು ಕಳಿಸಿದ. ಬಡವರ ಮೇಲೆ, ಕರೆಂಟಿನ ಮೇಲೆ ತಪ್ಪು ಹೊರಿಸಿದರೆ ಕೇಳುವವರು ಯಾರು? ವಾರ ಕಳೆದು ಆಚಾರ್ರು ಮೂರನೇ ಸಲ ಬಂದರು. ಈ ಸಲ ನಗು ಇರಲಿಲ್ಲ.

“ಈ ವರ್ಷ ಪಟ್ಟಿ ಇಲ್ಲ ಅಂತ ಎಲ್ಲಾರಿಗೂ ಕಾರ್ಡ್ ಬರದುಬಿಡ್ತೀನಪಾ. ನಮ್ಮ ಮುತ್ತಜ್ಜನ ಕಾಲದಿಂದ ನಡದು ಬಂದದ್ದು. ನನ್ನ ಕೈಯಾಗ ನಿಂತ್ಹೋತು.”

ಆ ಮಾತು ಉರುಕುಂದಪ್ಪನ ಕರುಳಿಗೆ ತಾಗಿತು. ಕುರಿಗೆ ರೋಗ ಬಂದರೆ ಅವನಪ್ಪ ಮೊದಲು ಕುರಿಯನ್ನಲ್ಲ, ಹಟ್ಟಿಯನ್ನು ನೋಡುತ್ತಿದ್ದ. “ಒಂದು ಸಲ ನಿಮ್ಮ ಮನಿ ನೋಡಬೇಕ್ರಿ” ಅಂದು ಅಂಗಡಿ ಹಲಗೆ ಮುಚ್ಚಿ ಅವರ ಜೊತೆಯಲ್ಲೇ ಬಸ್ಸು ಹತ್ತಿದ.

ಮನೆಯ ಪಡಸಾಲೆಯಲ್ಲಿ ಸಂಕ್ರಾಂತಿಗೆ ತಂದ ಹೊಸ ಟಿವಿ, ಪಕ್ಕದಲ್ಲಿ ಹೊಳೆಯ ಕಡೆ ತೆರೆದ ದೊಡ್ಡ ಕಿಟಕಿ. ಆಚಾರ್ರು ಮಿಷಿನ್ನಿಗೆ ವೈರು ಚುಚ್ಚಿದರು. ಟಿವಿ ಝಗ್ಗನೆ ಬೆಳ್ಳಗಾಯಿತು. ಕೆಳಗೆ ಕಪ್ಪಗೆ, ಖಡಕ್ಕಾಗಿ, ಒಂದು ಸಾಲು ಅಕ್ಷರ.

“ನೋಡು, ಬರೇ ಬೆಳ್ಳಗ!” ಅಂದರು ಆಚಾರ್ರು.

ಉರುಕುಂದಪ್ಪ ಅವರ ಮುಖ ನೋಡಿದ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ತುಂಗಾಬಾಯಿಯನ್ನು ನೋಡಿದ. “ಅವ್ವಾರೇ, ನಿಮಗೇನು ಕಾಣ್ತೈತ್ರಿ?”

“ಕೆಳಗ ಏನೋ ಇರಿವಿ ಸಾಲು ಅದ. ನಾ ಮೊದಲ ದಿನಾನ ಹೇಳೀನಿ. ‘ಅದು ನಿನಗ ತಿಳಿಯೂದಿಲ್ಲ, ನೀ ಸುಮ್ನಿರು’ ಅಂದ್ರು.”

ಉರುಕುಂದಪ್ಪ ಕಿಟಕಿ ಮುಚ್ಚಿ, ಟಿವಿಯ ಬೆಳಕಿನ ಗುಂಡಿ ತಿರುಗಿಸಿ ತನ್ನ ಅಂಗಡಿಯ ಟಿವಿಯಷ್ಟೇ ಮಂಕು ಮಾಡಿದ.

“ಬಂತು! ಭಲೇ ಉರುಕುಂದಪ್ಪ!”

ಅಲ್ಲಿಗೇ ಎದ್ದು ಬರಬಹುದಿತ್ತು. ಕಂಪ್ಯೂಟರ್ ರಿಪೇರಿ ಮಾಡಿದವನು ಅನ್ನುವ ಹೆಸರು, ತುಂಗಾಬಾಯಿಯ ಕೈಯಿಂದ ಒಂದು ಲೋಟ ಕಾಫಿ, ಎಲ್ಲ ಸಿಗುತ್ತಿತ್ತು. ಆದರೆ ಕೂತವನು ಏಳಲಿಲ್ಲ. “ಕ್ಯಾಸೆಟ್ ಹಚ್ಚಿ ಒಂದು ತಿಥಿ ತೆಗೀರಿ” ಅಂದ. ಕ್ಯಾಸೆಟ್ಟು ಕಿರ್ರೋ ಎಂದು ಕಿರುಚಿ ಮುಗಿದ ಮೇಲೆ ಪರದೆಯಲ್ಲಿ ಅಂಕಿ ಬಂತು.

“ದಶಮಿ ಐವತ್ಮೂರು ಘಳಿಗಿ” ಅಂತ ಆಚಾರ್ರು ಓದಿದರು.

“ಐವತ್ತೆಂಟು ಐತ್ರಿ ಆಚಾರ್ರೇ.”

ಐವತ್ಮೂರಾದರೆ ಉಪವಾಸ ಒಂದು ದಿನ, ಐವತ್ತೆಂಟಾದರೆ ಇನ್ನೊಂದು ದಿನ.

“ಮಿಷಿನ್ ಬಿಲ್ಕುಲ್ ಚೊಲೋ ಐತ್ರಿ. ಮೊದಲಿಂದಾನೂ ಚೊಲೋನ ಐತಿ. ನಮ್ಮವ್ವಗೂ ಹಿಂಗ ಕಣ್ಣಿಗೆ ಪೊರೆ ಬಂದಿತ್ತು. ಬೆಳಕಿನಾಗ ಎಲ್ಲಾ ಬೆಳ್ಳಗ ಕಾಣತಿತ್ತು ಆಕಿಗೆ.”

“ಮಿಷಿನ್ ನೋಡು ಅಂತ ಕರಕೊಂಡು ಬಂದರ ನನ್ನ ಕಣ್ಣು ನೋಡ್ತೀಯೇನೋ?” ಆಚಾರ್ರ ದನಿ ಏರಿತು. ಮೂವತ್ತು ವರ್ಷ ಕ್ಲಾಸು ನಡುಗಿಸಿದ ದನಿ. ಅದು ಏರಿದ ಹಾಗೆಯೇ ಇಳಿದೂ ಹೋಯಿತು. ಅವರು ಗೋಡೆಗೆ ಒರಗಿ ಕೂತರು.

ತುಂಗಾಬಾಯಿ ಹೇಳಿದರು: “ನನಗ ಗೊತ್ತದ. ತುಳಸಿ ದಳಾನ ಕೈಯಿಂದ ತಡವಿ ತಡವಿ ಏರಸ್ತಾರ. ಆಪರೇಷನ್ ಅಂದ್ರ ನಲವತ್ತು ದಿನ ತಲೀ ಮ್ಯಾಲೆ ನೀರು ಹಾಕ್ಕೋಬಾರದು. ಸ್ನಾನಿಲ್ಲ ಅಂದ್ರ ಮಡಿ ಇಲ್ಲ, ಮಡಿ ಇಲ್ಲ ಅಂದ್ರ ದೇವರ ಪೂಜಿ ಇಲ್ಲ. ಅದಕ್ಕ ಆ ಮಾತೇ ಎತ್ತಗೊಡೂದಿಲ್ಲ.”

ಆಚಾರ್ರು ಮೆಲ್ಲಗೆ ಕೇಳಿದರು: “ಹೋದ ವರ್ಷದ ಪಟ್ಟಿ ಸರಿ ಇತ್ತೋ ಇಲ್ಲೋ, ಉರುಕುಂದಪ್ಪ?”

ಕಣ್ಣಲ್ಲಿ ನೀರು ತಂದುಕೊಂಡ ಆ ಮುದುಕರನ್ನು ನೋಡಲಾಗದೆ ಉರುಕುಂದಪ್ಪ ಬಾಯಿಗೆ ಬಂದದ್ದನ್ನು ಅಂದುಬಿಟ್ಟ: “ಈ ವರ್ಷದ್ದು ನಾ ಓದ್ತೀನ್ರಿ. ನೀವು ಲೆಕ್ಕ ಹೇಳ್ರಿ, ಅವ್ವಾರು ಬರೀಲಿ.” ತುಂಗಾಬಾಯಿಗೆ ಕನ್ನಡ ಅಂಕಿಯಷ್ಟೇ ಬರುತ್ತಿತ್ತು, ಮಿಷಿನ್ನು ಇಂಗ್ಲಿಷ್ ಅಂಕಿಯದು.

“ನಾ ಕುರುಬರವ, ನಡೀತೈತೇನ್ರಿ?” ಅಂತ ಮತ್ತೆ ತಾನೇ ಹಿಂಜರಿದ.

“ಓದೋ ಕಣ್ಣಿಗೆ ಎಲ್ಲೀ ಮೈಲಿಗಿ ಹಚ್ತೀಯಪಾ? ಓದು” ಅಂದರು ಆಚಾರ್ರು.

ಹಾಗೆ ನಾಲ್ಕು ಭಾನುವಾರ ನಡೆಯಿತು. ಉರುಕುಂದಪ್ಪ ಸಾಯುವ ತನಕ ಆ ಭಾನುವಾರಗಳನ್ನು ನೆನೆಯುತ್ತಿದ್ದ. ಕಿಟಕಿಯಿಂದ ತುಂಗಭದ್ರೆಯ ಗಾಳಿ, ಪರದೆಯ ಮೇಲೆ ಅಂಕಿ. ಪ್ರತಿಯೊಂದನ್ನೂ ಎರಡೆರಡು ಸಲ ಓದಬೇಕು. “ಎಂಟೋ ಮೂರೋ?” “ಎಂಟ್ರಿ, ಎರಡೂ ಕಡೆ ಮುಚ್ಚೇತಿ.” ತುಂಗಾಬಾಯಿಯ ಲೇಖಣಿಯ ಸದ್ದು. ಮಧ್ಯಾಹ್ನ ಅವನ ಎಲೆ ಪಡಸಾಲೆಗೇ ಬರುತ್ತಿತ್ತು. ಒಳಗೆ ಕರೆಯುವ ಕಾಲ ಅದಲ್ಲ. ಆದರೆ ಎಲೆಯ ತುಂಬ ತುಪ್ಪ ಇರುತ್ತಿತ್ತು. ಯುಗಾದಿಗೆ ಮೂರು ದಿನ ಮೊದಲೇ ಪಟ್ಟಿ ಮುಗಿದು ನಲವತ್ತೆರಡು ಮನೆಗೆ ಹೋಯಿತು. ಹಬ್ಬವಾದ ಮೇಲೆ ಆ ನಲವತ್ತು ದಿನದ ಪೂಜೆಗೆ ವಾಸುದೇವ ರಜೆ ಹಾಕಿ ಬರುವುದೆಂದೂ, ಆಚಾರ್ರು ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳುವುದೆಂದೂ ಮಾತಾಯಿತು.

ಹೊಸ ವರ್ಷದ ಮೊದಲ ಏಕಾದಶಿ ಬಂತು. ಉರುಕುಂದಪ್ಪ ಹುಟ್ಟಿದಾಗಿನಿಂದ ಒಂದು ಹೊತ್ತೂ ಬೇಕೆಂದು ಉಪವಾಸ ಇದ್ದವನಲ್ಲ. ಅವತ್ತು ಹೆಂಡತಿ ಬಸವಕ್ಕ ಬಿಸಿ ರೊಟ್ಟಿ, ಕುರಿ ಬಾಡಿನ ಸಾರು ತಟ್ಟೆಗೆ ಹಾಕಿ ಮುಂದಿಟ್ಟಳು. ಅವನು ತಟ್ಟೆ ಹಿಂದಕ್ಕೆ ಸರಿಸಿದ.

“ಯಾಕ, ಮೈಯಾಗ ಆರಾಮ ಇಲ್ಲೇನು?”

“ನಲವತ್ತೆರಡು ಮನಿ ಮಂದಿ ಇವತ್ತು ನನ್ನ ಮಾತು ನಂಬಿ ಹಸಗೊಂಡು ಕುಂತಾರ” ಅಂದ ಉರುಕುಂದಪ್ಪ. “ಎಲ್ಯಾರ ಒಂದು ಅಂಕಿ ತಪ್ಪು ಓದಿದ್ರ? ಅವರ ಜೊತಿ ನಾನೂ ಹಸದಿರ್ತೀನಿ ಬಿಡು.”

ಬಸವಕ್ಕ ಅವನ ಮುಖವನ್ನೇ ನೋಡಿದಳು. ತಟ್ಟೆ ಎತ್ತಿ ಒಳಗಿಟ್ಟಳು. ಅವತ್ತು ಅವಳೂ ಉಣ್ಣಲಿಲ್ಲ.