ಮಶೀನು ಇದ್ದ ಖೋಲಿ

ಮಶೀನಿನ ಐದನೆಯ ಕಾರ್ಡಿನ ಎಡಗಡೆಯ ಫ್ಯಾನು ಪೂರ್ತಿ ನಿಲ್ಲುವ ಮುನ್ನ ಒಂದಿಷ್ಟು ಹಿಂದಕ್ಕೆ ತಿರುಗುತ್ತಿತ್ತು. ಹೆಚ್ಚೇನಲ್ಲ, ಬೆರಳಿನ ಅಗಲದಷ್ಟು. ಏನೋ ಮರೆತುಬಂದವರು ಹೊಸ್ತಿಲಲ್ಲಿ ನಿಂತು ಹಿಂದೆ ನೋಡಿದ ಹಾಗೆ. ಉಳಿದ ಕಾರ್ಡುಗಳ ಫ್ಯಾನುಗಳು ಸುಮ್ಮನೆ ನಿಲ್ಲುತ್ತಿದ್ದವು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ತಿಕೋಟಾದ ಹೊರಗೆ, ನಮ್ಮ ದ್ರಾಕ್ಷಿ ತೋಟದ ಅಂಚಿನಲ್ಲಿ ಒಣದ್ರಾಕ್ಷಿ ಮಾಡುವ ಉದ್ದನೆಯ ತಗಡಿನ ಶೆಡ್ಡು ಇದೆ. ಅದರ ತುದಿಗೆ ಇಟ್ಟಿಗೆಯ ಎರಡು ಖೋಲಿಗಳು, ನಡುವೆ ಒಬ್ಬರು ಓರೆಯಾಗಿ ನಡೆಯುವಷ್ಟು ಸಂದು. ಆ ವರ್ಷ ಅವುಗಳಲ್ಲೊಂದರಲ್ಲಿ ನಮ್ಮ ಮೈನಿಂಗ್ ಮಶೀನು ಇತ್ತು: ಕಬ್ಬಿಣದ ಚೌಕಟ್ಟಿಗೆ ಸಾಲಾಗಿ ಕೂರಿಸಿದ ಆರು ಗ್ರಾಫಿಕ್ಸ್ ಕಾರ್ಡು, ಕೆಳಗೆ ಎರಡು ಪವರ್ ಸಪ್ಲೈ. ಅಂಥ ಕಾರ್ಡುಗಳಿಂದ ಹಗಲಿರುಳು ಲೆಕ್ಕ ಮಾಡಿಸಿ ಕ್ರಿಪ್ಟೋ ನಾಣ್ಯ ಗಳಿಸಲು ಇನ್ನೂ ಆಗುತ್ತಿದ್ದ ಕಾಲ ಅದು. ಹಳೆಯ ಕಾರ್ಡುಗಳನ್ನು ಹುಡುಕಿ ತಂದವನು ನನ್ನ ಅಣ್ಣ. ವಿಜಯಪುರದಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ನೋಡಿಕೊಳ್ಳುವವಳು ನಾನು. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಮನೆಗೆ ಬಂದಿದ್ದೆ.

ನಮ್ಮದು ತುಂಬಿದ ಮನೆ. ಯಾರಾದರೂ ಬಾಗಿಲು ಮುಚ್ಚಿಕೊಂಡರೆ ಜ್ವರ ಬಂದಿದೆಯೇ ಎಂದು ಕೇಳುವ ಮನೆ. ಮಶೀನಿನ ಖೋಲಿಗೆ ಮಾತ್ರ ಧೂಳು ಹೋಗಬಾರದೆಂದು ಬಾಗಿಲು ಮುಚ್ಚಲೇಬೇಕಿತ್ತು. ಒಳಗೆ ಹೋಗಿ ಚಿಲಕ ಹಾಕಿದ ಮೊದಲ ದಿನ, ಆ ಗುಂಯ್ ಎನ್ನುವ ಸದ್ದಿನ ನಡುವೆ ನನಗೆ ನನ್ನದೇ ಉಸಿರು ಕೇಳಿಸಿತು. ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಕೂತರೆ ಕಾರ್ಡುಗಳ ಬೆಚ್ಚನೆಯ ಗಾಳಿ ಮೊಣಕಾಲಿಗೆ ಬಡಿಯುತ್ತಿತ್ತು. ಶೆಡ್ಡಿನ ಹಸಿರು ಪರದೆಯಿಂದ ಸೋಸಿ ಬಂದ ಬೆಳಕು ಬಾಗಿಲಿನ ಬಿರುಕಿನಿಂದ ನೆಲದ ಮೇಲೆ ಸಣ್ಣ ಪಟ್ಟಿಯಾಗಿ ಬಿದ್ದು, ಮಧ್ಯಾಹ್ನವಾದಂತೆ ಗೋಡೆಯ ಕಡೆ ಸರಿಯುತ್ತಿತ್ತು. ನಾನು ನಡೆದಾಡುವುದು ಹೊರಗೆ ಕೇಳಬಾರದೆಂದು ಕಾಲ್ಗೆಜ್ಜೆ ಬಿಚ್ಚಿ ಮೊಳೆಗೆ ಹಾಕುತ್ತಿದ್ದೆ. ಆಮೇಲೆ ಓದುತ್ತಿದ್ದೆ, ಇಲ್ಲವೆ ಏನೂ ಮಾಡುತ್ತಿರಲಿಲ್ಲ. ಆ ಏನೂ ಮಾಡದಿರುವುದು ಎಷ್ಟು ಆಳವಾಗಿತ್ತೆಂದರೆ, ಹೊರಗೆ ಬಂದಾಗ ಬೇರೆ ಊರಿನಿಂದ ಬಂದಂತಾಗುತ್ತಿತ್ತು.

ಖೋಲಿ ಕಾಕಾನ, ಅಂದರೆ ಅಪ್ಪನ ತಮ್ಮನ, ಕೃಪೆ; ಅಣ್ಣ ಕೇಳಿದ್ದಕ್ಕೆ ಕೊಟ್ಟಿದ್ದರು. ಶೆಡ್ಡಿನ ಕಾರುಬಾರೆಲ್ಲ ಅವರದು. ಒಮ್ಮೆ ಬಾಗಿಲು ಸರಿಸಿ ಇಣುಕಿದರು.

"ಏನ್ ಅಗೀತೈತಿ ಬೇ ಇದು? ಗಣಿ ಅಂತಿ, ಒಂದ್ ಪುಟ್ಟಿ ಮಣ್ಣ ಹೊರಗ ಬಂದಿಲ್ಲ."

"ಲೆಕ್ಕಾ ಅಗೀತೈತ್ರಿ ಕಾಕಾ."

"ಲೆಕ್ಕಾ ಅಗಿಯೂದಾದ್ರ ನಮ್ಮ ವ್ಯಾಪಾರಿ ತಲ್ಯಾಗ ಅಗಿಬೇಕಿತ್ತ ನೋಡು, ಭಾಳ ಹುಗದಿಟ್ಟಾನ." ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು: "ಸೀಜನ್ ಚಾಲೂ ಆಗೇತಿ. ಬಾಕ್ಸ್ ಇಡಾಕ ಜಾಗ ಬೇಕು. ಮಶೀನ್ ನಡದ್ರ ಖೋಲಿ ನಿಂದು. ನಿಂತಿತಂದ್ರ ಬಾಕ್ಸಿಂದು. ಅಷ್ಟ."

ಮಶೀನು ನಿಲ್ಲತೊಡಗಿದ್ದು ಅದಾದ ಮೇಲೆಯೇ.

ಬೆಳಿಗ್ಗೆ ಬಾಗಿಲು ತೆರೆದರೆ ಗುಂಯ್ ಸದ್ದಿಲ್ಲ. ಮತ್ತೆ ಚಾಲೂ ಮಾಡಿದರೆ ಓಡುತ್ತಿತ್ತು; ಮಧ್ಯಾಹ್ನದವರೆಗೆ, ಕೆಲವೊಮ್ಮೆ ಸಂಜೆಯವರೆಗೆ. ನನ್ನ ಮೊದಲ ಅನುಮಾನ ಓವರ್‌ಕ್ಲಾಕ್ ಮೇಲೆ. ಕಾರ್ಡು ಮಾಡಿದವರು ಅದಕ್ಕೊಂದು ವೇಗ ಇಟ್ಟಿರುತ್ತಾರೆ. ನಾವು ಮೆಮೊರಿಯನ್ನು ಅದಕ್ಕಿಂತ ಜೋರಾಗಿ ಓಡಿಸಿ, ವೋಲ್ಟೇಜ್ ಮಾತ್ರ ಕಡಿಮೆ ಕೊಡುತ್ತಿದ್ದೆವು. ಹೆಚ್ಚು ದುಡಿಸಿ ಕಡಿಮೆ ಉಣ್ಣಿಸುವ ಲೆಕ್ಕ. ಎಲ್ಲೋ ಒಂದು ಕಡೆ ಕಾರ್ಡು ತಪ್ಪು ಲೆಕ್ಕ ಕೊಟ್ಟು ಕೈಚೆಲ್ಲುತ್ತದೆ. ನಾನು ಒಂದೊಂದೇ ಕಾರ್ಡಿನ ವೇಗ ಇಳಿಸುತ್ತ ಬಂದೆ. ಒಂದನ್ನು ಇಳಿಸುವುದು, ಒಂದು ದಿನ ಕಾಯುವುದು, ಮತ್ತೊಂದನ್ನು ಇಳಿಸುವುದು. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಅಣ್ಣನ ಫೋನು ಬಂತು. ಮಶೀನಿನ ವೇಗ ಅವನ ಮೊಬೈಲಿನಲ್ಲೂ ಕಾಣುತ್ತಿತ್ತು.

"ಏ ಪ್ರೊಫೆಸರ್, ಮತ್ತ ಇಳಿಸಿದೇನ? ಓಡೂ ಎತ್ತಿನ ಕಾಲ್ ಕಟ್ಟಾಕತ್ತೀದಿ ನೀ."

"ಓಡಿದ್ರ ನಾ ಯಾಕ ಕಟ್ಟಲಿ? ಬೀಳಾಕತ್ತೈತಿ."

"ಹಂಗಾದ್ರ ಇಲ್ಲಿ ಕಳಸು. ಅಂಗಡಿ ಮ್ಯಾಲ ಜಾಗ ಐತಿ. ನಾ ನೋಡ್ಕೋತೀನಿ."

"ಬ್ಯಾಡ. ಆಗ್ತೈತಿ," ಎಂದೆ, ಅವನು ಹೇಳಿ ಮುಗಿಸುವ ಮೊದಲೇ.

ಎಲ್ಲ ಕಾರ್ಡುಗಳನ್ನೂ ಮಾಡಿದವರು ಇಟ್ಟ ವೇಗಕ್ಕೇ ತಂದೆ. ಆದರೂ ನಿಂತಿತು. ಅಂದರೆ ಓವರ್‌ಕ್ಲಾಕ್ ಅಲ್ಲ. ಇನ್ನೊಂದು ವಿಚಿತ್ರ: ತಪ್ಪು ಒಂದೇ ಕಾರ್ಡಿನಲ್ಲಿ ಬರುತ್ತಿರಲಿಲ್ಲ. ಇವತ್ತು ಎರಡನೆಯದು, ನಾಳೆ ಐದನೆಯದು. ದೋಷ ಮನೆಯಿಂದ ಮನೆಗೆ ಹೋಗಿ ಉಂಡುಬರುವಂತಿತ್ತು. ಕರೆಂಟೇ ಸರಿಯಿಲ್ಲವೆಂದುಕೊಂಡೆ. ಶೆಡ್ಡಿಗೆ ಬೇರೆ ಮೀಟರ್ ಇದ್ದರೂ, ತೋಟದ ಕಡೆ ತ್ರೀ ಫೇಸ್ ಬಂದೊಡನೆ ಸುತ್ತಲಿನ ಪಂಪುಗಳೆಲ್ಲ ತಾವಾಗಿಯೇ ಒಮ್ಮೆಲೇ ಎದ್ದು, ನಮ್ಮ ಬಲ್ಬು ಮಂಕಾಗುತ್ತಿತ್ತು. ವಿಜಯಪುರಕ್ಕೆ ಹೋಗಿ ಸ್ಟೆಬಿಲೈಸರ್ ತಂದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ತೊರವಿ ದಾಟಿದ ಮೇಲೆ ಪಕ್ಕದ ಅಜ್ಜಿ ಅದರ ತೂಕ ನೋಡಿ, "ಇದರಾಗ ಏನೈತಿ ತಂಗಿ, ದೇವರೇನ?" ಎಂದರು. ಹೌದೆನ್ನಬೇಕೆನಿಸಿತು.

ಸ್ಟೆಬಿಲೈಸರಿನಿಂದ ಬಲ್ಬು ಸ್ಥಿರವಾಯಿತು. ಮಶೀನು ಆಗಲಿಲ್ಲ.

ಅಷ್ಟರಲ್ಲಿ ಶೆಡ್ಡಿನ ಹಂತಹಂತದ ಬಲೆಗಳ ಮೇಲೆ ಎರಡನೆಯ ಸಲ ಹರಡಿದ ದ್ರಾಕ್ಷಿಯೂ ಹಸಿರಿನಿಂದ ಜೇನಿನ ಬಣ್ಣಕ್ಕೆ ತಿರುಗಿತ್ತು. ಬಾಗಿಲ ಬಳಿ ಖಾಲಿ ಬಾಕ್ಸುಗಳ ಗುಡ್ಡೆ ಏರುತ್ತಿತ್ತು. ಕಾಕಾ ಹೋಗುವಾಗ ಬರುವಾಗ ಬಾಗಿಲ ಮುಂದೆ ಒಂದು ಕ್ಷಣ ನಿಂತು, ಸದ್ದು ಕೇಳಿ ಹೋಗುತ್ತಿದ್ದರು. ನಾನು ಒಳಗಿಂದ ಅವರ ಚಪ್ಪಲಿ ನಿಂತದ್ದನ್ನು ಕೇಳುತ್ತಿದ್ದೆ.

ನಡುವೆ ಅವ್ವನ ಜೊತೆ ಬಬಲೇಶ್ವರಕ್ಕೆ, ಅವಳ ತವರಿಗೆ ಹೋಗಬೇಕಾಯಿತು. ಹೊರಡುವ ಗಡಿಬಿಡಿಯಲ್ಲಿ ಗೆಜ್ಜೆಯನ್ನು ಮೊಳೆಯಲ್ಲೇ ಮರೆತೆ. ಎರಡು ದಿನ ಬಿಟ್ಟು ಬಂದು, ಖೋಲಿಯ ಮಬ್ಬಿನಲ್ಲಿ ನೋಡದೆ ತೆಗೆದು ಹಾಕಿಕೊಂಡು ಅಡುಗೆಮನೆಗೆ ಹೋದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಗೆಜ್ಜಿ ಯಾಕ ಹಂಗಾಗ್ಯಾವ ಬೇ? ಇಜ್ಜಲದಾಗ ಕಾಲಿಟ್ಟಿದ್ಯೇನ?"

ನೋಡಿಕೊಂಡೆ. ಬೆಳ್ಳಿ ಪೂರಾ ಕಪ್ಪು. ಅವ್ವನ ಕಾಲುಂಗುರ ಎಂದಿನಂತೆ ಬೆಳ್ಳಗೇ ಇತ್ತು. ಚಪ್ಪಲಿ ಮೆಟ್ಟಿ ಶೆಡ್ಡಿಗೆ ನಡೆದೆ. ಬಿಸಿಲಿತ್ತು. ದಾರಿ ಉದ್ದಕ್ಕೂ ನನ್ನ ಕಾಲಿನಿಂದ ಬರುತ್ತಿದ್ದ ಸದ್ದು ಯಾರದೋ ಸದ್ದಿನಂತೆ ಕೇಳುತ್ತಿತ್ತು.

ಮೊಳೆ ಇದ್ದದ್ದು ಸಂದಿನ ಕಡೆಯ ಗೋಡೆಯಲ್ಲಿ, ಗಾಳಿಗೆಂದು ಬಿಟ್ಟ ಜಾಲಿಯ ಪಕ್ಕ. ಸಂದು ಸದಾ ನೆರಳು. ಅಲ್ಲಿಯ ಗಾಳಿ ಎಲ್ಲಕ್ಕಿಂತ ತಂಪು. ಅದಕ್ಕೇ ನಾನು ಥರ್ಮಾಮೀಟರ್ ಹಿಡಿದು ಎಲ್ಲ ಗೋಡೆಗಳನ್ನೂ ಅಳೆದು, ಆ ಜಾಲಿಗೇ ಗಾಳಿ ಒಳಗೆಳೆಯುವ ಫ್ಯಾನು ಕೂರಿಸಿದ್ದೆ. ಸಂದಿನ ಆಚೆಗೆ ಇನ್ನೊಂದು ಖೋಲಿ. ಅಲ್ಲಿ ಒಣಗಿದ ದ್ರಾಕ್ಷಿಗೆ ಹಳದಿ ಹೊಳಪು ಬರಲೆಂದು ಸಂಜೆ ಗಂಧಕ ಹೊತ್ತಿಸಿ, ಬಾಗಿಲು ಬಿಗಿದು, ಬೆಳಗಿನವರೆಗೆ ಹೊಗೆ ಕೊಡುತ್ತಾರೆ. ಚಿಕ್ಕಂದಿನಿಂದ ಮೂಗಿಗೆ ರೂಢಿಯಾದ ವಾಸನೆ. ಸೀಜನ್ನಿನಲ್ಲಿ ನಮ್ಮ ಹಾಸಿಗೆಗೂ ಇರುತ್ತದೆ. ಅದನ್ನು ವಾಸನೆಯೆಂದೇ ನಾನು ಎಣಿಸಿರಲಿಲ್ಲ. ಸಂದಿಗೆ ಸೋರಿದ ಆ ಹೊಗೆಯನ್ನು ರಾತ್ರಿಯಿಡೀ ಒಳಗೆಳೆದದ್ದು ನನ್ನ ಫ್ಯಾನೇ; ಬೆಳ್ಳಿ ಕಪ್ಪಾದದ್ದು ಅದಕ್ಕೆ.

ಮಶೀನು ಆರಿಸಿ, ಐದನೆಯ ಕಾರ್ಡಿಗೆ ಕರೆಂಟು ಕೊಡುವ ಪ್ಲಗ್ಗು ಬಿಚ್ಚಿದೆ. ಒಳಗಿನ ಪಿನ್ನುಗಳು ನನ್ನ ಗೆಜ್ಜೆಯ ಬಣ್ಣಕ್ಕೆ ಬಂದಿದ್ದವು. ಒಂದರ ಸುತ್ತ ಪ್ಲಾಸ್ಟಿಕ್ಕು ಕಂದಾಗಿ ಮೆತ್ತಗಾಗಿತ್ತು. ಕಪ್ಪುಗಟ್ಟಿದಲ್ಲಿ ಕರೆಂಟು ಹರಿಯಲು ತಿಣುಕುತ್ತದೆ, ತಿಣುಕಿದಲ್ಲಿ ಬಿಸಿಯಾಗುತ್ತದೆ, ಕಾರ್ಡಿಗೆ ಬೇಕಾದಷ್ಟು ಸಿಗುವುದಿಲ್ಲ. ಎರಡನೆಯದನ್ನು ಬಿಚ್ಚಿದೆ. ಅದೂ ಅಷ್ಟೇ. ಕಾರ್ಡುಗಳಲ್ಲಿ ಏನೂ ತಪ್ಪಿರಲಿಲ್ಲ.

ಕುರ್ಚಿಯಲ್ಲಿ ಕೂತೆ. ಸದ್ದಿಲ್ಲದ ಆ ಖೋಲಿಯಲ್ಲಿ ಚಾವಣಿಯ ತಗಡು ಬಿಸಿಲಿಗೆ ಟಕ್ ಟಕ್ ಎನ್ನುವುದು ಮೊದಲ ಸಲ ಕೇಳಿಸಿತು. ಫ್ಯಾನನ್ನು ಬೇರೆ ಗೋಡೆಗೆ ಹಾಕಬಹುದಿತ್ತು, ಆದರೆ ಹೊಗೆ ಬಾಗಿಲಿನ ಬಿರುಕಿನಿಂದಲೂ ಬರುತ್ತದೆ, ತಗಡಿನ ಸಂದಿನಿಂದಲೂ ಬರುತ್ತದೆ. ಶೆಡ್ಡಿನವರು ಗಂಧಕದ ಹೊಗೆ ಕೊಡುವುದನ್ನು ನಿಲ್ಲಿಸುವಂತಿಲ್ಲ. ಮಶೀನು ಬದುಕಬೇಕಾದರೆ ಅಣ್ಣನ ಅಂಗಡಿಯ ಮೇಲಕ್ಕೆ ಹೋಗಬೇಕು. ಇನ್ನೊಂದು ದಾರಿಯೂ ಇತ್ತು: ಯಾರಿಗೂ ಹೇಳದೆ ಪಿನ್ನು ಒರೆಸುತ್ತ, ಕುಂಟುತ್ತ ಓಡುವ ಮಶೀನಿನ ಸದ್ದನ್ನು ಕಾಕಾನಿಗೆ ಕೇಳಿಸುತ್ತ, ಸೀಜನ್ ಕಳೆಯುವುದು. ಆ ದಾರಿಯಲ್ಲಿ ಮನಸ್ಸು ಬಹಳ ದೂರ ನಡೆದುಹೋಯಿತು. ಬೆಳಕಿನ ಪಟ್ಟಿ ನನ್ನ ಪಾದದ ಮೇಲೆ ಬಂದು, ಕಪ್ಪು ಗೆಜ್ಜೆಯನ್ನು ದಾಟಿ, ಗೋಡೆ ಹತ್ತಿತು. ಆಮೇಲೆ ಕಂದಿದ ಆ ಪ್ಲಾಸ್ಟಿಕ್ಕನ್ನು ಮತ್ತೊಮ್ಮೆ ಮುಟ್ಟಿ ನೋಡಿದೆ. ಬಾಗಿಲ ಆಚೆಗೇ ಒಣ ರಟ್ಟಿನ ಬಾಕ್ಸುಗಳ ಗುಡ್ಡೆ; ಒಂದು ಕಿಡಿ ಸಾಕಿತ್ತು.

ಸಂಜೆ ಅಣ್ಣನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವನು, "ಗಂಧಕ ತಿನ್ನೂ ಕಂಪ್ಯೂಟರ್ ನಮ್ಮದೊಂದ ನೋಡು," ಎಂದ.

ಮರುದಿನ ಬೆಳಿಗ್ಗೆ ಕಾರ್ಡುಗಳನ್ನು ಒಂದೊಂದಾಗಿ ಕಳಚಿ, ಹಳೆಯ ಪೇಪರಿನಲ್ಲಿ ಸುತ್ತಿ, ಒಣದ್ರಾಕ್ಷಿಯ ಬಾಕ್ಸಿನಲ್ಲೇ ಇಟ್ಟು ಕಟ್ಟಿದೆ. ಹೊರಗೆ ಕಾಕಾ ಬಲೆ ಅಲುಗಿಸಿ ಒಣಗಿದ್ದನ್ನು ಉದುರಿಸುತ್ತಿದ್ದರು. ಹತ್ತಿರ ಹೋಗಿ ನಿಂತೆ. ಮಶೀನು ಯಾಕೆ ಹೋಗುತ್ತಿದೆಯೆಂದು ಹೇಳಿದೆ. ಆಮೇಲೆ, ಹಿಂದೆಂದೂ ಅವರ ಹತ್ತಿರ ಏನನ್ನೂ ಕೇಳಿರದ ನಾನು, "ಕಾಕಾ, ಖೋಲಿ ನನಗ ಬೇಕ್ರಿ," ಎಂದೆ.

"ಮಶೀನ್ ಹೊಂಟೈತಲ್ಲ. ಅಲ್ಲೇನ್ ಮಾಡ್ತಿ?"

"ಕೂಡ್ತೀನ್ರಿ."

"ಕೂಡಾಕ ಮನ್ಯಾಗ ಜಾಗ ಇಲ್ಲೇನ?"

"ಐತ್ರಿ. ಎಲ್ಲಾರೂ ಅದಾರ."

ಅವರು ಬಲೆಯ ಅಂಚು ಹಿಡಿದುಕೊಂಡೇ ನನ್ನನ್ನು ನೋಡಿದರು. "ಬಾಕ್ಸ್ ಎಷ್ಟ ಆಗ್ತಾವ ನೋಡೂನು ತಡಿ," ಎಂದು ಮತ್ತೆ ಅಲುಗಿಸತೊಡಗಿದರು.

ನಾನು ಕಾಯಲಿಲ್ಲ. ಖೋಲಿಗೆ ಹೋಗಿ, ಬಾಗಿಲ ಬಳಿಯ ಖಾಲಿ ಬಾಕ್ಸುಗಳನ್ನು ಒಳಗೆ ತಂದು, ಗೋಡೆಗೆ ಒತ್ತಿ, ಒಂದರ ಮೇಲೊಂದು, ತಗಡು ಮುಟ್ಟುವವರೆಗೆ ಬಿಗಿಯಾಗಿ ಪೇರಿಸಿದೆ. ಬಾಗಿಲ ಹತ್ತಿರ, ಬೆಳಕಿನ ಪಟ್ಟಿ ಬೀಳುವಲ್ಲಿ, ಒಂದು ಕುರ್ಚಿಯಷ್ಟು ಜಾಗ ಬಿಟ್ಟೆ.