ಕೂತು ತೆಗೆದ ಅಳತೆ

ಟೇಪಕ್ಕನ ಕೊರಳಲ್ಲಿ ಸರವಿಲ್ಲದ ದಿನವನ್ನು ಬೇಕಾದರೆ ಕಾಣಬಹುದಿತ್ತು, ಅಳತೆಯ ಟೇಪಿಲ್ಲದ ದಿನವನ್ನಲ್ಲ. ಬೀದಿಯ ತುದಿಯಲ್ಲಿ ಅವಳ ಹೊಲಿಗೆ ಅಂಗಡಿ, ಅದರ ಬೆನ್ನಿಗೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಅಪ್ಪನ ಹಳೆಯ ಕಾರು. ಅರವತ್ತು ದಾಟಿದ ಹೆಂಗಸು ಬೆಳಿಗ್ಗೆ ಕೋಟಿಗೆ ಗುಂಡಿಯ ಕಾಜಾ ಹಾಕಿ ಮಧ್ಯಾಹ್ನ ಕಾರ್ಬುರೇಟರ್ ಬಿಚ್ಚಿ ಕೂತರೆ ಜನ ನಗದೆ ಇರುತ್ತಾರೆಯೇ? ನಕ್ಕರು. ನಕ್ಕವರ ಪ್ಯಾಂಟಿನ ಸೊಂಟವನ್ನು ಅವಳೇ ಸಡಿಲ ಮಾಡಿಕೊಡುತ್ತಿದ್ದಳು.

ಕಾರು ಓಡಿಸುವುದನ್ನು ಕಲಿಸಿದವನು ಅಪ್ಪ. ಅವನ ಕಣ್ಣು ಮಂಜಾದ ಮೇಲೆ ಅವನನ್ನು ಬೇಕೆಂದಲ್ಲಿಗೆ ಕರೆದೊಯ್ದವಳು ಇವಳು. ಆ ವರ್ಷಗಳಲ್ಲಿ ಒಂದು ದಿನವಾದರೂ ಬಟ್ಟೆ ಹಿಡಿದು ಗಾಜು ಒರೆಸದ ತಮ್ಮನಿಗೆ, ಅಪ್ಪ ಕಣ್ಣು ಮುಚ್ಚಿದ ಮೇಲೆ ಕಾರಿನ ನೆನಪು ಉಕ್ಕಿ ಬಂತು. ಕೊಳ್ಳಲೆಂದು ಹೋಟೆಲಿನವನೊಬ್ಬನನ್ನು ಕರೆತಂದ. ಆ ಮಹಾಶಯನಿಗೆ ಕಾರನ್ನು ಹೋಟೆಲಿನ ಬಾಗಿಲಲ್ಲಿ ನಿಲ್ಲಿಸಿ ಬಾನೆಟ್ ಮೇಲೆ ಹೂಕುಂಡ ಇಡುವ ಆಸೆ. ಓಡದ ಗಾಡಿಯ ಮೇಲೆ ಇಷ್ಟೇಕೆ ಮೋಹ ಎಂದು ನೆಂಟರೆದುರು ತಮ್ಮ ಕೇಳಿದ. ಕಾರು ಓಡುತ್ತಿರಲಿಲ್ಲ ಎಂಬುದು ನಿಜವೇ. ಕಬ್ಬಿಣದ ಹಳೆಯ ಚಕ್ರಗಳು ಬಿರುಕು ಬಿಟ್ಟಿದ್ದವು, ಆ ಅಳತೆಯವು ಈಗ ಎಲ್ಲೂ ಸಿಗುತ್ತಿರಲಿಲ್ಲ. ನೆಂಟರು ತಲೆಯಾಡಿಸಿದರು. ಟೇಪಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಬೆಟ್ಟದ ಮೇಲೆ ತಂಗಿ ಮನೆ ತನಕ ನಿಮ್ಮನ್ನೆಲ್ಲ ಕೂರಿಸ್ಕೊಂಡು ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ಹೂಕುಂಡ ಇಟ್ಕೊಳ್ಳಿ," ಎಂದಳು. ಆಡಿಯಾಯಿತು, ಇನ್ನು ನುಂಗುವಂತಿಲ್ಲ.

ಊರೆಲ್ಲ ಹುಡುಕಿ ನಾಲ್ಕು ಅಲಾಯ್ ಚಕ್ರ ತಂದಳು. ಹಳೆಯವು ಹದಿಮೂರು ಇಂಚು, ಇವು ಹದಿನೈದು. ಟೈರ್ ಅಂಗಡಿಯವನು ಒಳ್ಳೆಯ ಮಾತಿನಲ್ಲೇ ಹೇಳಿದ: ಚಕ್ರ ದೊಡ್ಡದಾದರೆ ಸುತ್ತಲಿನ ರಬ್ಬರ್ ಗಿಡ್ಡವಾಗಬೇಕು, ನೂರತೊಂಬತ್ತೈದು ಮಿಲಿಮೀಟರ್ ಅಗಲದ್ದು ಸಾಕು. ಹಾಕಿ ನೋಡಿದರೆ ಮಡ್ಗಾರ್ಡಿನ ಕೆಳಗೆ ಖಾಲಿ ಖಾಲಿ. ಅಪ್ಪನ ಕಾರು ಬಡಕಲಾಗಿ ಕಾಣುವುದೇ? ಅದಕ್ಕಿಂತ ಅಗಲವಾಗಿ, ಎತ್ತರವಾಗಿ ಇರುವುದನ್ನು ತೋರಿಸಿದಳು. ಅವನು ಬೇಡವೆಂದ. ಇವಳು ಕೊರಳಿನ ಟೇಪು ಇಳಿಸಿ ಅಳೆದು, ಬೆರಳಿನಷ್ಟು ಜಾಗ ಇನ್ನೂ ಉಳಿಯುತ್ತದೆ ಎಂದು ತೋರಿಸಿ, ಅವನ ಬಾಯಿ ಮುಚ್ಚಿಸಿ ಅದನ್ನೇ ಹಾಕಿಸಿಕೊಂಡಳು. ಹಟಕ್ಕೆ ಬಿದ್ದರೆ ಬ್ರಹ್ಮ ಬಂದರೂ ಕೇಳುವವಳಲ್ಲ.

ಭಾನುವಾರ ತಮ್ಮ, ಅವನ ಹೆಂಡತಿ, ಅವರ ಮಗಳು ಹತ್ತಿದರು. ಮೂವರೂ ಉಂಡುಟ್ಟು ಬೆಳೆದ ಮೈಯವರು. ತಮ್ಮ ಹಿಂದಿನ ಸೀಟಿನಲ್ಲಿ ಕೂತು ಬಾಗಿಲನ್ನು ದಢಾರನೆ ಬಡಿದ. ಬೀದಿಯ ಕೊನೆಯ ತಿರುವಿನಲ್ಲಿ ಟೇಪಕ್ಕ ಸ್ಟೇರಿಂಗ್ ಪೂರ್ತಿ ತಿರುಗಿಸಿದಳು. ಕರ್ರೆಂದು ಸದ್ದು, ಹಿಂದೆಯೇ ಸುಟ್ಟ ರಬ್ಬರಿನ ವಾಸನೆ. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಮುಂದಿನ ಭಾನುವಾರವೇ ಹೋಟೆಲಿನವನಿಗೆ ಬರಹೇಳುತ್ತೇನೆ ಎಂದ.

ಟೇಪಕ್ಕ ಇಳಿದು ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮಡ್ಗಾರ್ಡಿನ ಅಂಚು ಟೈರನ್ನು ಕಚ್ಚಿತ್ತು. ಅವಳಿಗೆ ನಾಚಿಕೆಯಾದದ್ದು ತಮ್ಮನ ನಗೆಗಲ್ಲ. ನಲವತ್ತು ವರ್ಷದಿಂದ ಗಿರಾಕಿಗಳಿಗೆ ಅವಳು ಹೇಳುತ್ತ ಬಂದದ್ದು ಒಂದೇ ಮಾತು: ನಿಂತು ಅಳತೆ ಕೊಟ್ಟರೆ ಸಾಲದು, ಕೂತು ತೋರಿಸಿ, ಕೈ ಮಡಚಿ ತೋರಿಸಿ, ಇಲ್ಲದಿದ್ದರೆ ಹೊಲಿಗೆ ಬಿಡುತ್ತದೆ. ಅಂಥವಳು ಕಾರನ್ನು ಖಾಲಿ ನಿಲ್ಲಿಸಿ, ಚಕ್ರ ನೇರವಿಟ್ಟು ಅಳೆದಿದ್ದಳು! ತನ್ನ ತಲೆಗೆ ತಾನೇ ಮೊಟಕಿಕೊಂಡಳು.

ತಮ್ಮ ಇಳಿಯಲು ಕಾಲು ಹೊರಗಿಟ್ಟ.

"ಇಳೀಬೇಡ, ಕೂತ್ಕೋ," ಎಂದಳು. "ನಿನ್ನ ಮಾತು ಬೇಡ ನಂಗೆ. ಭಾರ ಬೇಕು."

ಮೂವರನ್ನೂ ಬಿಸಿಲಲ್ಲಿ ಹಾಗೇ ಕೂರಿಸಿ, ಸ್ಟೇರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿಗೆ, ಒಳಬದಿಯ ಕಂಬಿಗೆ ಟೇಪು ಹಿಡಿದಳು. ಹಿಂದಿನ ಚಕ್ರಗಳಿಗೂ ಹಿಡಿದಳು. ಸೀಮೆಸುಣ್ಣದಿಂದ ಗುರುತು ಹಾಕಿದಳು. ತಮ್ಮನ ಬೆವರು ಕಿತ್ತುಬಂತು, ನಗು ಹೋಯಿತು.

ಮರುದಿನ ಗ್ಯಾರೇಜಿನವನು ಸುಲಭದ ದಾರಿ ಹೇಳಿದ: ಟೈರ್ ಇರಲಿ, ಮಡ್ಗಾರ್ಡಿನ ಅಂಚನ್ನು ಕತ್ತರಿಸಿದರಾಯಿತು. ತಮ್ಮನೂ ಫೋನಿನಲ್ಲಿ ಅದನ್ನೇ ಅಂದ. ಹೇಗಿದ್ದರೂ ಹೂಕುಂಡದ ಗಾಡಿ ತಾನೇ.

"ಅಂಗಿ ಬಿಗಿಯಾಯ್ತು ಅಂತ ಮೈ ಕತ್ತರಿಸ್ತಾರಾ?" ಎಂದು ಕೇಳಿ ಫೋನಿಟ್ಟಳು. ಅಪ್ಪ ಕೈಯಾರೆ ಮೇಣ ತಿಕ್ಕಿದ ಅಂಚು ಅದು. ಕತ್ತರಿ ಹಿಡಿದೇ ಬದುಕಿದವಳು, ಅದಕ್ಕೆ ಮಾತ್ರ ಕತ್ತರಿ ಮುಟ್ಟಿಸಲಿಲ್ಲ.

ಅಂಗಡಿಯ ನೆಲದ ಮೇಲೆ ರಟ್ಟು ಹರಡಿ ಹಳೆಯ ಚಕ್ರ, ಟೈರುಗಳ ಆಕಾರ ಬರೆದಳು, ಅದರ ಮೇಲೆ ಹೊಸದನ್ನು. ಲಂಗಕ್ಕೆ ಸೊಂಟದ ಪಟ್ಟಿ ಅಗಲ ಮಾಡಿದರೆ ಕೆಳಗಿನ ಬಟ್ಟೆಯನ್ನು ಅಷ್ಟೇ ಗಿಡ್ಡ ಮಾಡಬೇಕು, ಒಟ್ಟು ಉದ್ದ ಬದಲಾಗಬಾರದು. ಟೈರಿನವನು ಅಂದದ್ದೂ ಅದೇ ಅಲ್ಲವೇ? ನೂರತೊಂಬತ್ತೈದರ ರಟ್ಟು ಹಳೆಯ ಟೈರಿನ ಎತ್ತರಕ್ಕೆ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಹೊಂದಿತು, ತಮ್ಮ ಕೂತಾಗ ತೆಗೆದ ಗುರುತುಗಳ ಒಳಗೇ ನಿಂತಿತು. ರಟ್ಟು ಕಂಕುಳಲ್ಲಿಟ್ಟುಕೊಂಡು ಟೈರ್ ಅಂಗಡಿಗೆ ಹೋಗಿ, ನೀನು ಹೇಳಿದ್ದೇ ಸರಿ ಎಂದಳು. ಅವನು ಗೊಣಗುತ್ತ ಬದಲಾಯಿಸಿಕೊಟ್ಟ. ಕಾರು ಈಗಲೂ ಕೊಂಚ ಬಡಕಲಾಗಿಯೇ ಕಂಡಿತು. ಕಾಣಲಿ ಬಿಡು ಎಂದುಕೊಂಡಳು.

ಮುಂದಿನ ಭಾನುವಾರ ಹೋಟೆಲಿನವನು ಬಂದು ಶೆಡ್ಡಿನ ಮುಂದೆ ಕಾದ. ಟೇಪಕ್ಕ ಅವನಿಗೆ ಸ್ಟೂಲು ಹಾಕಿಕೊಟ್ಟು, ಅದೇ ಮೂವರನ್ನು ಹತ್ತಿಸಿಕೊಂಡು ಹೊರಟಳು. ಬೀದಿಯ ಕೊನೆಯ ತಿರುವಿನಲ್ಲಿ ಸ್ಟೇರಿಂಗ್ ಮತ್ತೆ ಪೂರ್ತಿ ತಿರುಗಿಸಿದಳು. ಸದ್ದಿಲ್ಲ. ಬೆಟ್ಟದ ದಾರಿಯಲ್ಲಿ ಹೊಂಡ ಬಂತು, ಒಂದರ ಹಿಂದೊಂದು ಕಡಿದಾದ ತಿರುವು ಬಂತು, ಕಾರು ಎಲ್ಲೂ ತಗಲದೆ ಏರಿತು. ತಂಗಿ ಗೇಟಿನಲ್ಲೇ ನಿಂತಿದ್ದಳು. ಟೇಪಕ್ಕನ ಕಣ್ಣು ತುಂಬಿ ಬಂತು, ಅದನ್ನು ಯಾರಿಗೂ ತೋರಿಸಲಿಲ್ಲ.

ತಮ್ಮ ಗಂಟಲು ಸರಿಮಾಡಿಕೊಂಡು, ದೊಡ್ಡ ಮನಸ್ಸು ಮಾಡಿದವನ ಹಾಗೆ ಹೇಳಿದ: "ಸರಿ ಬಿಡಕ್ಕ. ಗಾಡಿ ನಿಂಗೇ ಕೊಟ್ಟೆ."

ಟೇಪಕ್ಕ ಎಂಜಿನ್ ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಎಳೆದು ಹಿಂದಕ್ಕೆ ತಿರುಗಿದಳು.

"ಕೊಡೋಕೆ ಅದು ಯಾವತ್ತು ನಿಂದಾಗಿತ್ತು?"

ತಮ್ಮ ಬಾಗಿಲಿಗೆ ಕೈಹಾಕಿದ.

"ಬಾಗಿಲು ಮೆಲ್ಲಗೆ ಹಾಕು," ಎಂದಳು. "ನನ್ನ ಕಾರು."